ಬೆಣ್ಣೆ ದೋಸೆ ತೋರಿಸುತ್ತಿದ್ದ ಪೇಜು ಈಗ ಯಾಕೆ ರಾಜಕೀಯ ಮಾತಾಡುತ್ತಿದೆ?

ಪ್ರಶ್ನೆ: ನಾವು ದಾವಣಗೆರೆಯವರು. ನನ್ನ ತಮ್ಮನಿಗೆ 22 ವರ್ಷ. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದಾನೆ, ಕೈಯಲ್ಲಿ ಸದಾ ಫೋನು. ಒಬ್ಬ ಇನ್‌ಫ್ಲುಯೆನ್ಸರ್‌ನ ರೀಲ್ಸ್ ತಪ್ಪದೆ ನೋಡುತ್ತಾನೆ. ಮೊದಲೆಲ್ಲ ಬರೀ ತಿಂಡಿ ವಿಡಿಯೋ. ಯಾವ ಹೋಟೆಲಲ್ಲಿ ಬೆಣ್ಣೆ ದೋಸೆ ಚೆನ್ನಾಗಿದೆ, ಮಂಡಕ್ಕಿ ಮೆಣಸಿನಕಾಯಿ ಎಲ್ಲಿ ಬಿಸಿಬಿಸಿ ಸಿಗುತ್ತೆ, ಅಷ್ಟೇ. ನಾನೂ ನೋಡುತ್ತಿದ್ದೆ. ಈಗ ಕೆಲವು ತಿಂಗಳಿಂದ ಅದೇ ವ್ಯಕ್ತಿ ಅದೇ ನಗುಮುಖದಲ್ಲಿ ರಾಜಕೀಯ ಮಾತಾಡುತ್ತಾನೆ. ಒಂದು ಸಮುದಾಯದ ಬಗ್ಗೆ ದಿನಕ್ಕೊಂದು ಕಥೆ. ತಮ್ಮ ಎಲ್ಲವನ್ನೂ ನಂಬುತ್ತಾನೆ, ಸ್ಟೇಟಸ್‌ಗೆ ಹಾಕುತ್ತಾನೆ. ಪ್ರೈಮರಿಯಿಂದ ಜೊತೆಗಿದ್ದ, ಅದೇ ಸಮುದಾಯದ ಗೆಳೆಯನ ಹತ್ತಿರ ಮಾತು ಬಿಟ್ಟಿದ್ದಾನೆ. ನಾನು ಫ್ಯಾಕ್ಟ್ ಚೆಕ್ ಲಿಂಕ್ ಕಳಿಸಿದರೆ ‘ಅವರಿಗೂ ದುಡ್ಡು ಕೊಟ್ಟಿರ್ತಾರೆ ಬಿಡು’ ಅಂದ. ಅಪ್ಪನೂ ಈಗ ಅವನ್ನೇ ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾರೆ. ಆ ಇನ್‌ಫ್ಲುಯೆನ್ಸರ್ ದುಡ್ಡು ತಗೊಂಡು ಮಾಡುತ್ತಿದ್ದಾನಾ? ಮನೆಯಲ್ಲಿ ಮಾತಾಡಿದ ವಿಷಯವೇ ರೀಲ್ಸ್‌ನಲ್ಲಿ ಬರುತ್ತೆ, ಫೋನು ಕದ್ದು ಕೇಳುತ್ತಾ? ಆ ಆ್ಯಪ್ ತೆಗೆಸಿಬಿಟ್ಟರೆ ಸರಿಹೋಗುತ್ತಾ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ನಿಮ್ಮ ತಮ್ಮ ಗೆಳೆಯನ ಹತ್ತಿರ ಮಾತು ಬಿಟ್ಟಿದ್ದು, ಅಲ್ವಾ? ಅದನ್ನು ನೆನಪಲ್ಲಿಟ್ಟುಕೊಂಡೇ ಉತ್ತರ ಕೊಡುತ್ತೇನೆ. ನನ್ನ ಬಗ್ಗೆ ಒಂದು ಮಾತು. ಮೊದಲು ನಾನು ಬೆಂಗಳೂರಿನ ಒಂದು ಜಾಹೀರಾತು ಏಜೆನ್ಸಿಯಲ್ಲಿದ್ದೆ. ಇನ್‌ಫ್ಲುಯೆನ್ಸರ್‌ಗಳನ್ನು ಹುಡುಕಿ ಕ್ಯಾಂಪೇನ್ ಮಾಡಿಸುವುದೇ ಕೆಲಸ. ಈಗ ದಾವಣಗೆರೆ, ಚಿತ್ರದುರ್ಗದ ಕಡೆ ಕಾಲೇಜು ಹುಡುಗರಿಗೆ ಸುದ್ದಿ ಪರಿಶೀಲನೆ ಹೇಳಿಕೊಡುತ್ತೇನೆ. ಹಾಗಾಗಿ ಅಡುಗೆಮನೆ ಎರಡೂ ಕಡೆಯಿಂದ ಗೊತ್ತು.

ಮೊದಲು ಸುಲಭದ್ದು. ಫೋನು ಕದ್ದು ಕೇಳುವ ವಿಷಯ. ತರಬೇತಿಗೆ ಎಲ್ಲಿ ಹೋದರೂ ಇದೊಂದು ಪ್ರಶ್ನೆ ಬಂದೇ ಬರುತ್ತದೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಕೊಟ್ಟರು. ಹೇಳದೆ ಕೇಳದೆ ಮೈಕ್ ಆನ್ ಮಾಡಿ ಮಾತು ಕಳಿಸುವ ಆ್ಯಪ್ ಅವರಿಗೆ ಸಿಗಲಿಲ್ಲ. ಕೆಲವು ಆ್ಯಪ್‌ಗಳು ಸ್ಕ್ರೀನ್ ಮೇಲೆ ಏನು ನಡೆಯುತ್ತಿದೆ ಎಂಬುದನ್ನು ರೆಕಾರ್ಡ್ ಮಾಡಿ ಹೊರಗೆ ಕಳಿಸುತ್ತಿದ್ದದ್ದು ಮಾತ್ರ ಸಿಕ್ಕಿತು. ನಿಜ ಹೇಳಬೇಕೆಂದರೆ ಆ್ಯಪ್ ಕಂಪನಿಗಳಿಗೆ ಮೈಕ್ ಬೇಕಾಗಿಯೇ ಇಲ್ಲ. ನಿಮ್ಮ ತಮ್ಮ ಯಾವ ರೀಲ್ ಮೇಲೆ ಎಷ್ಟು ಸೆಕೆಂಡ್ ನಿಂತ, ಯಾವುದನ್ನು ಎರಡನೇ ಸಲ ನೋಡಿದ, ಯಾರಿಗೆ ಕಳಿಸಿದ, ಯಾವುದರ ಕಾಮೆಂಟ್ ತೆರೆದು ಓದಿದ, ಇವೆಲ್ಲ ದಾಖಲಾಗುತ್ತವೆ. ಅವನ ಗೆಳೆಯರು, ಅದೇ ಊರಿನ ಅದೇ ವಯಸ್ಸಿನ ಹುಡುಗರು ಏನು ನೋಡುತ್ತಿದ್ದಾರೆ ಅನ್ನುವುದೂ ಗೊತ್ತಿರುತ್ತದೆ. ಊರೆಲ್ಲ ಮಾತಾಡುವ ವಿಷಯವನ್ನೇ ನಿಮ್ಮ ಮನೆಯವರೂ ಮಾತಾಡುತ್ತೀರಿ. ಅದೇ ಫೋನಿಗೂ ಬರುತ್ತದೆ. ಹೊಂದಿದ್ದು ನೆನಪಿರುತ್ತದೆ, ಹೊಂದದೇ ಇದ್ದ ನೂರು ರೀಲ್ಸ್ ಮರೆತುಹೋಗುತ್ತವೆ.

ಇನ್ನೊಂದು ತಪ್ಪು ನಂಬಿಕೆ ಇದೆ. ಅಲ್ಗಾರಿದಮ್‌ಗೆ, ಅಂದರೆ ಯಾರಿಗೆ ಏನು ತೋರಿಸಬೇಕು ಅಂತ ತೀರ್ಮಾನಿಸುವ ಆ್ಯಪ್‌ನ ಲೆಕ್ಕಾಚಾರಕ್ಕೆ, ಒಂದು ಪಕ್ಷ ಇದೆ, ಅದು ಬೇಕಂತಲೇ ಒಬ್ಬರ ಪರ ತಳ್ಳುತ್ತದೆ ಅಂತ. ಎಲ್ಲ ಪಕ್ಷದವರೂ ಇದನ್ನೇ ಹೇಳುತ್ತಾರೆ, ತಮಾಷೆ ಅಂದರೆ ಅದೇ. ಅಲ್ಗಾರಿದಮ್ ಮಾಡುವುದು ಒಂದೇ ಲೆಕ್ಕ: ಈ ಮನುಷ್ಯ ಮುಂದೆ ಏನು ತೋರಿಸಿದರೆ ಆ್ಯಪ್ ಬಿಟ್ಟು ಹೋಗುವುದಿಲ್ಲ? ಯೂಟ್ಯೂಬ್ 2012ರಲ್ಲಿ ಎಷ್ಟು ಜನ ನೋಡಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಬೆಲೆ ಕೊಡಲು ಶುರು ಮಾಡಿತು. 2018ರಲ್ಲಿ ಆ ಕಂಪನಿಯವರೇ ಹೇಳಿದ ಪ್ರಕಾರ, ಜನ ಅಲ್ಲಿ ಕಳೆಯುವ ಹೊತ್ತಿನಲ್ಲಿ ಶೇ 70ರಷ್ಟು ಶಿಫಾರಸು ಮಾಡಿದ ವಿಡಿಯೋಗಳಿಂದಲೇ ಬರುತ್ತಿತ್ತು. ಅಂದರೆ ಹುಡುಕಿಕೊಂಡು ಹೋಗಿ ನೋಡುವುದು ಕಡಿಮೆ, ಮುಂದೆ ತಂದಿಟ್ಟದ್ದನ್ನು ನೋಡುವುದೇ ಜಾಸ್ತಿ.

ಫೇಸ್‌ಬುಕ್ ಕಥೆ ಇನ್ನೂ ಬೋಧಪ್ರದ. 2017ರಲ್ಲಿ ಅದು ಸಿಟ್ಟಿನ ಮುಖ, ಅಳುವ ಮುಖ, ನಗುವ ಮುಖ ಇಂಥ ಎಮೋಜಿಗಳಿಗೆ ಒಂದು ಲೈಕ್‌ನ ಐದು ಪಟ್ಟು ತೂಕ ಕೊಟ್ಟಿತ್ತು. ಸಿಟ್ಟಿನ ಎಮೋಜಿ ಜಾಸ್ತಿ ಬೀಳುವ ಪೋಸ್ಟ್‌ಗಳಲ್ಲಿ ಸುಳ್ಳು, ಬೈಗುಳ ಜಾಸ್ತಿ ಅಂತ ಅವರದೇ ಸಂಶೋಧಕರು ಕಂಡುಕೊಂಡರು. ಆದರೂ ಸಿಟ್ಟಿನ ಎಮೋಜಿಯ ತೂಕ ಸೊನ್ನೆಗೆ ಇಳಿದದ್ದು 2020ರಲ್ಲಿ. ಇದೆಲ್ಲ ಹೊರಬಂದದ್ದು 2021ರಲ್ಲಿ, ಅಲ್ಲೇ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗನ್ ಒಳಗಿನ ಕಾಗದಪತ್ರ ಬಯಲು ಮಾಡಿದಾಗ. ಅದೇ ಕಾಗದಗಳಲ್ಲಿ ನಮ್ಮ ದೇಶದ ಒಂದು ಪ್ರಯೋಗವೂ ಇತ್ತು. 2019ರ ಫೆಬ್ರುವರಿಯಲ್ಲಿ ಕಂಪನಿಯ ಒಬ್ಬ ಸಂಶೋಧಕರು ಭಾರತದ ಬಳಕೆದಾರರ ಹೆಸರಲ್ಲಿ ಹೊಸ ಖಾತೆ ತೆರೆದರು. ತಾವಾಗಿ ಏನನ್ನೂ ಹುಡುಕಲಿಲ್ಲ. ಫೇಸ್‌ಬುಕ್ ಏನು ನೋಡು ಅಂದಿತೋ ಅದನ್ನು ನೋಡಿದರು, ಯಾವ ಗುಂಪು ಸೇರು ಅಂದಿತೋ ಅದಕ್ಕೆ ಸೇರಿದರು. ಆ ದಿನಗಳಲ್ಲೇ ಪುಲ್ವಾಮಾ ದಾಳಿ ಆಯಿತು. ಮೂರೇ ವಾರದಲ್ಲಿ ಆ ಖಾತೆಯ ತುಂಬ ದ್ವೇಷದ ಪೋಸ್ಟು, ಸುಳ್ಳು ಸುದ್ದಿ, ಹೆಣಗಳ ಚಿತ್ರ. ಇಡೀ ಜೀವಮಾನದಲ್ಲಿ ನೋಡದಷ್ಟು ಹೆಣಗಳನ್ನು ಈ ಮೂರು ವಾರದಲ್ಲಿ ನೋಡಿದೆ ಅಂತ ಆ ವರದಿಯಲ್ಲಿ ಬರೆದಿದ್ದರು. ನೆನಪಿಡಿ, ಆ ಖಾತೆಗೆ ಯಾವ ಪಕ್ಷವೂ ಇರಲಿಲ್ಲ, ಯಾರ ಮೇಲೆ ಸಿಟ್ಟೂ ಇರಲಿಲ್ಲ.

ಇಲ್ಲಿ ನಿಮಗೊಂದು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಆ ಮನುಷ್ಯನ ರೀಲ್ಸ್ ಅನ್ನು ‘ಏನು ಸುಳ್ಳು ಹೇಳಿದ್ದಾನೆ ನೋಡೋಣ’ ಅಂತ ಪೂರ್ತಿ ನೋಡುವುದು, ‘ಇದು ಸುಳ್ಳು’ ಅಂತ ಕಾಮೆಂಟ್ ಹಾಕುವುದು, ‘ಹೇಗೆ ಮಾತಾಡ್ತಾನೆ ನೋಡೇ’ ಅಂತ ಗೆಳತಿಗೆ ಕಳಿಸುವುದು, ಇವೆಲ್ಲ ಅವನಿಗೆ ಸಹಾಯವೇ. ಒಂದು ರೀಲ್ ಎಷ್ಟು ದೂರ ಹೋಗಬೇಕು ಅನ್ನುವುದಕ್ಕೆ ಎಷ್ಟು ಹೊತ್ತು ನೋಡಿದರು, ಎಷ್ಟು ಲೈಕ್ ಬಿತ್ತು, ಎಷ್ಟು ಜನ ಬೇರೆಯವರಿಗೆ ಕಳಿಸಿದರು ಅನ್ನುವುದೇ ಮುಖ್ಯ ಅಂತ ಇನ್‌ಸ್ಟಾಗ್ರಾಮ್ ಮುಖ್ಯಸ್ಥರೇ ಹೇಳಿದ್ದಾರೆ. ನೀವು ಬೈದು ಕಳಿಸಿದ್ದೋ ಮೆಚ್ಚಿ ಕಳಿಸಿದ್ದೋ, ಎಣಿಕೆಗೆ ಎರಡೂ ಒಂದೇ.

ಹಾಗಂತ ಎಲ್ಲ ತಪ್ಪನ್ನೂ ಅಲ್ಗಾರಿದಮ್ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. 2020ರ ಅಮೆರಿಕ ಚುನಾವಣೆ ಹೊತ್ತಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಬಳಸುವ ಸಾವಿರಾರು ಜನರಿಗೆ ಮೂರು ತಿಂಗಳು ಶಿಫಾರಸಿನ ಫೀಡ್ (ಆ್ಯಪ್ ತಾನೇ ಆರಿಸಿ ತೋರಿಸುವ ಪೋಸ್ಟ್‌ಗಳ ಸಾಲು) ತೆಗೆದು, ಬಂದ ಪೋಸ್ಟ್ ಬಂದ ಹಾಗೆ ತೋರಿಸಿದರು. 2023ರಲ್ಲಿ ಫಲಿತಾಂಶ ಬಂತು. ಜನ ಆ್ಯಪ್‌ನಲ್ಲಿ ಕಳೆಯುವ ಹೊತ್ತು ಕಡಿಮೆಯಾಗಿತ್ತು. ಆದರೆ ಅವರ ರಾಜಕೀಯ ನಿಲುವು ಅಷ್ಟೇನೂ ಬದಲಾಗಿರಲಿಲ್ಲ. ಅದಕ್ಕೂ ಮೊದಲು, 2018ರಲ್ಲಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಟ್ವಿಟ್ಟರ್‌ನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿ ಎಳೆಗಳನ್ನು ಜಾಲಾಡಿದ್ದರು. ಸುಳ್ಳು ಸುದ್ದಿ ರೀಟ್ವೀಟ್ ಆಗುವ ಸಾಧ್ಯತೆ ನಿಜಕ್ಕಿಂತ ಶೇ 70ರಷ್ಟು ಜಾಸ್ತಿ ಇತ್ತು. ಬಾಟ್‌ಗಳನ್ನು, ಅಂದರೆ ಮನುಷ್ಯರಲ್ಲದೆ ಪ್ರೋಗ್ರಾಂ ನಡೆಸುವ ಖಾತೆಗಳನ್ನು, ಲೆಕ್ಕದಿಂದ ತೆಗೆದರೂ ಅದೇ ಕಥೆ. ಹಬ್ಬಿಸಿದವರು ಮನುಷ್ಯರೇ. ಸುಳ್ಳಲ್ಲಿ ಹೊಸತನ ಇರುತ್ತೆ, ಅಚ್ಚರಿ ಇರುತ್ತೆ, ಮೊದಲು ಹೇಳಿದವನಿಗೆ ಒಂದು ಗತ್ತು ಇರುತ್ತೆ. ಆಮೇಲೆ ಬರುವ ಸ್ಪಷ್ಟನೆ ನಮ್ಮ ಭದ್ರಾ ನಾಲೆಯ ಕೊನೆ ಭಾಗದ ನೀರಿದ್ದ ಹಾಗೆ. ಬಂದರೂ ತಡವಾಗಿ, ಬಂದಷ್ಟೇ.

ಈಗ ನಿಮ್ಮ ಮೊದಲನೇ ಪ್ರಶ್ನೆ. ಅವನು ದುಡ್ಡು ತಗೊಂಡಿದ್ದಾನಾ? ಆ ಪೇಜು ನೋಡದೆ ಹೇಳುವುದು ಸರಿಯಲ್ಲ. ನೋಡಿದರೂ ಖಚಿತವಾಗಿ ಹೇಳುವುದು ಕಷ್ಟ. ಆದರೆ ಇಂಥ ಪೇಜುಗಳು ದಾರಿ ಬದಲಿಸುವುದು ಹೇಗೆ ಅಂತ ಹೇಳಬಲ್ಲೆ.

ನೇರವಾಗಿ ಪಕ್ಷದ ಕಚೇರಿಯಿಂದ ದುಡ್ಡು ಬರುವುದು ಅಪರೂಪ. ಬಂದರೆ ನಡುವೆ ಏಜೆನ್ಸಿ ಇರುತ್ತದೆ, ಏಜೆನ್ಸಿಯ ಕೆಳಗೆ ಇನ್ನೊಂದು ಏಜೆನ್ಸಿ. ಪೇಜಿನವನ ಕೈಗೆ ಸಿಗುವುದು ಒಂದು ಪುಟದ ಸೂಚನೆ, ನಾವು ಬ್ರೀಫ್ ಅನ್ನುತ್ತೇವೆ. ಹೇರ್ ಆಯಿಲ್‌ಗಾಗಲಿ ರಾಜಕೀಯಕ್ಕಾಗಲಿ ಅದರ ಭಾಷೆ ಹೆಚ್ಚು ಕಡಿಮೆ ಒಂದೇ. ಈ ಮೂರು ಅಂಶ ಬರಬೇಕು, ಇಂಥ ದಿನದೊಳಗೆ ಹಾಕಬೇಕು, ನಿಮ್ಮದೇ ಮಾತಿನಲ್ಲಿ ಹೇಳಿ, ಜಾಹೀರಾತು ಅನ್ನಿಸಬಾರದು. ರಾಜಕೀಯದ್ದಾದರೆ ಇನ್ನೊಂದು ಸಾಲು: ಚಿಹ್ನೆ, ಬಾವುಟ ಕಾಣಬಾರದು. ಏಜೆನ್ಸಿಗಳಿಗೆ ದೊಡ್ಡ ಸ್ಟಾರ್‌ಗಿಂತ ಇಂಥ ಊರಿನ ಸಣ್ಣ ಪೇಜುಗಳೇ ಇಷ್ಟ. ರೇಟು ಕಮ್ಮಿ, ನಂಬಿಕೆ ಜಾಸ್ತಿ. ‘ನಮ್ಮೂರ ಹುಡುಗ’ ಅನ್ನುವ ಭಾವನೆಗೆ ಬೆಲೆ ಕಟ್ಟಲು ಆಗುವುದಿಲ್ಲ ಅನ್ನುತ್ತಾರೆ. ಕಟ್ಟುತ್ತಾರೆ ಸ್ವಾಮಿ, ಎಕ್ಸೆಲ್ ಶೀಟಿನಲ್ಲಿ ಅದಕ್ಕೊಂದು ಕಾಲಂ ಇರುತ್ತದೆ. ಇಷ್ಟು ದಿನ ದೋಸೆ ತೋರಿಸಿ ಗಳಿಸಿದ ನಂಬಿಕೆಯನ್ನೇ ಅವನು ಈಗ ಖರ್ಚು ಮಾಡುತ್ತಿರುವುದು. ದೋಸೆ ವಿಷಯದಲ್ಲಿ ಅವನು ಒಂದು ಸಲವೂ ಮೋಸ ಮಾಡಿಲ್ಲ. ಹಾಗಾಗಿ ಇದರಲ್ಲೂ ಮಾಡಲ್ಲ ಅಂತ ತಮ್ಮನಿಗೆ ಅನ್ನಿಸುತ್ತದೆ. ಅದು ದಡ್ಡತನ ಅಲ್ಲ, ನಾವೆಲ್ಲ ಹಾಗೆಯೇ ನಂಬುವುದು.

ಹೇಳುತ್ತಿರುವವನಿಗೇ ದುಡ್ಡು ಎಲ್ಲಿಂದ ಬಂತು ಅಂತ ಗೊತ್ತಿಲ್ಲದಿರಬಹುದು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ಒಂದು ಆರೋಪಪಟ್ಟಿ ಹಾಕಿತು. ರಷ್ಯಾದ ಸರ್ಕಾರಿ ಚಾನೆಲ್ ಆರ್‌ಟಿಯ ಇಬ್ಬರು ಸಿಬ್ಬಂದಿ ಟೆನ್ನೆಸ್ಸಿ ರಾಜ್ಯದ ಒಂದು ಕಂಪನಿಗೆ ಸುಮಾರು 1 ಕೋಟಿ ಡಾಲರ್ ಸುರಿದರು, ಆ ಕಂಪನಿ ಹೆಸರಾಂತ ಇನ್‌ಫ್ಲುಯೆನ್ಸರ್‌ಗಳಿಗೆ ವಿಡಿಯೋ ಮಾಡಲು ದುಡ್ಡು ಕೊಟ್ಟಿತು ಅನ್ನುವುದು ಆರೋಪ. ನಮಗೇನೂ ಗೊತ್ತಿರಲಿಲ್ಲ ಅಂತ ಆ ಇನ್‌ಫ್ಲುಯೆನ್ಸರ್‌ಗಳು ಹೇಳಿದರು. ಇನ್ನೂ ಹಿಂದಿನದು ಬೇಕಾದರೆ, 2016ರ ಮೇ ತಿಂಗಳಲ್ಲಿ ಹ್ಯೂಸ್ಟನ್ ನಗರದ ಒಂದು ಇಸ್ಲಾಮಿಕ್ ಕೇಂದ್ರದ ಮುಂದೆ ಒಂದೇ ದಿನ ಎರಡು ಗುಂಪು ಸೇರಿದವು. ರಸ್ತೆಯ ಈ ಕಡೆ ಮುಸ್ಲಿಮರ ವಿರುದ್ಧ ಕೂಗುವವರು, ಆ ಕಡೆ ಅವರ ಪರ ಕೂಗುವವರು. ಎರಡೂ ಗುಂಪನ್ನು ಕರೆದಿದ್ದ ಎರಡು ಫೇಸ್‌ಬುಕ್ ಪೇಜುಗಳನ್ನು ನಡೆಸುತ್ತಿದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಒಂದೇ ಸಂಸ್ಥೆ. ಕ್ಲಾಸಿನಲ್ಲಿ ಯಾವಾಗಲೂ ಇದನ್ನು ಹೇಳುತ್ತೇನೆ. ಹುಡುಗರು ಫೋನ್ ಕೆಳಗಿಟ್ಟು ಕೇಳುವ ಕಥೆ ಇದೊಂದೇ.

ದುಡ್ಡೇ ಇಲ್ಲದ ದಾರಿಯೂ ಇದೆ. ನನಗೆ ಅದೇ ಜಾಸ್ತಿ ಕಾಣಿಸುತ್ತದೆ. ತಿಂಡಿ ವಿಡಿಯೋದ ರೀಚು, ಅಂದರೆ ಅದು ತಲುಪುವ ಜನರ ಸಂಖ್ಯೆ, ಒಂದು ಹಂತಕ್ಕೆ ನಿಂತುಹೋಗುತ್ತದೆ. ದಾವಣಗೆರೆಯಲ್ಲಿ ಎಷ್ಟು ದೋಸೆ ಹೋಟೆಲ್ ಅಂತ ತೋರಿಸುತ್ತಾನೆ ಪಾಪ. ಒಂದು ದಿನ ಸುಮ್ನೆ ಯಾವುದೋ ಗಲಾಟೆ ಬಗ್ಗೆ ಸಿಟ್ಟಿನಿಂದ ಒಂದು ರೀಲ್ ಹಾಕುತ್ತಾನೆ. ಅದು ಹತ್ತು ಪಟ್ಟು ಓಡುತ್ತದೆ. ಮರುದಿನದ ದೋಸೆ ರೀಲ್ ಮಲಗುತ್ತದೆ. ಮತ್ತೆ ಸಿಟ್ಟು, ಮತ್ತೆ ಓಟ. ಕೆಲವು ತಿಂಗಳಲ್ಲಿ ಅವನಿಗೆ ಯಾರೂ ಏನೂ ಹೇಳಿಕೊಡದೆ ಪಾಠ ಆಗಿರುತ್ತದೆ. ಫಾಲೋವರ್ಸ್ ಜಾಸ್ತಿಯಾದರೆ ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ ಪ್ರಮೋಷನ್ ಸಿಗುತ್ತದೆ, ದುಡ್ಡು ಆ ಕಡೆಯಿಂದ ಬರುತ್ತದೆ. ಕೊನೆಗೆ ತಾನು ಹೇಳಿದ್ದನ್ನು ತಾನೇ ನಂಬಲು ಶುರು ಮಾಡುತ್ತಾನೆ.

ಕಾನೂನು ಇಲ್ವಾ ಅಂತ ಕೇಳಬಹುದು. ವಸ್ತು ಮಾರಿದರೆ ಇದೆ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ನಿಯಮ ತಂದವು. ದುಡ್ಡು ಅಥವಾ ಬಿಟ್ಟಿ ಸಾಮಾನು ತಗೊಂಡಿದ್ದರೆ ವಿಡಿಯೋದಲ್ಲೇ ಎದ್ದು ಕಾಣುವಂತೆ ಹೇಳಬೇಕು. ರಾಜಕೀಯ ಜಾಹೀರಾತನ್ನು ದುಡ್ಡು ಕೊಟ್ಟು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಓಡಿಸಿದರೆ ಯಾರು ದುಡ್ಡು ಕೊಟ್ಟರು ಅಂತ ಅವೆರಡರ ಒಡೆತನದ ಕಂಪನಿ ಮೆಟಾದ ಜಾಹೀರಾತು ಸಂಗ್ರಹದಲ್ಲಿ ಯಾರು ಬೇಕಾದರೂ ನೋಡಬಹುದು, 2019ರಿಂದ ಭಾರತದಲ್ಲೂ ಇದೆ. ಆದರೆ ಇನ್‌ಫ್ಲುಯೆನ್ಸರ್ ಕೈಗೆ ಪಕ್ಕದಿಂದ ದುಡ್ಡು ಕೊಟ್ಟರೆ ಅದು ಆ ಸಂಗ್ರಹಕ್ಕೆ ಬರುವುದಿಲ್ಲ. ತೂತು ಅಲ್ಲೇ ಇರುವುದು. ಆದರೂ ಆ ಪೇಜಿನ ಹೆಸರು ಹಾಕಿ ಒಮ್ಮೆ ಹುಡುಕಿ. ಇನ್ನೊಂದು ಸುಲಭ ಪರೀಕ್ಷೆ ಇದೆ. ಅವನು ಈ ವಾರ ಹೇಳಿದ ಒಂದು ವಾಕ್ಯ ಬರೆದಿಟ್ಟುಕೊಳ್ಳಿ. ಅದೇ ವಾಕ್ಯ, ಅದೇ ಕ್ರಮದಲ್ಲಿ ಬೈಕ್ ಪೇಜು, ಟ್ರೋಲ್ ಪೇಜು, ಜ್ಯೋತಿಷ್ಯದ ಪೇಜುಗಳಲ್ಲೂ ಅದೇ ವಾರ ಬಂದಿದೆಯಾ ನೋಡಿ. ಬಂದಿದ್ದರೆ ಬ್ರೀಫ್ ಇರುವ ಸಾಧ್ಯತೆ ಜಾಸ್ತಿ. ಒಬ್ಬರನ್ನು ನೋಡಿ ಇನ್ನೊಬ್ಬರು ಕದಿಯುವುದೂ ಉಂಟು, ಹಾಗಾಗಿ ಇದನ್ನೇ ಸಾಕ್ಷಿ ಅನ್ನಬೇಡಿ.

ಇನ್ನು ಏನು ಮಾಡಬಹುದು ಅನ್ನುವುದು. ಆ್ಯಪ್ ತೆಗೆಸುವುದು, ಫೋನು ಕಿತ್ತುಕೊಳ್ಳುವುದು ಬೇಡ. 22 ವರ್ಷದ ಹುಡುಗ, ಕೆಲಸ ಇಲ್ಲ ಅನ್ನುವ ಸಂಕಟ ಬೇರೆ. ಇನ್ನೊಂದು ಖಾತೆ ಮಾಡಿಕೊಳ್ಳುತ್ತಾನೆ, ನಿಮಗೆ ಕಾಣದ ಹಾಗೆ ನೋಡುತ್ತಾನೆ. ಈಗ ಕನಿಷ್ಠ ಸ್ಟೇಟಸ್‌ನಲ್ಲಿ ನಿಮಗೆ ಕಾಣುತ್ತಿದೆ.

ಲಿಂಕ್ ಕಳಿಸುವುದನ್ನೂ ಸ್ವಲ್ಪ ದಿನ ನಿಲ್ಲಿಸಿ. ಫ್ಯಾಕ್ಟ್ ಚೆಕ್ ಕೆಟ್ಟದ್ದಲ್ಲ, ನಾನೇ ಮಾಡುವವನು. ಆದರೆ ಅದು ಇನ್ನೂ ತೀರ್ಮಾನ ಮಾಡದವರಿಗೆ ಉಪಯೋಗ. ತೀರ್ಮಾನ ಮಾಡಿದವನಿಗೆ ಅಕ್ಕ ಕಳಿಸಿದ ಲಿಂಕು ಸೋಲಿಸಲು ಬಂದ ಹಾಗೆ ಕಾಣುತ್ತದೆ. ಅದರ ಮೇಲೆ, ಇವತ್ತಿನ ಸುಳ್ಳಿಗೆ ಉತ್ತರ ಕೊಟ್ಟರೆ ನಾಳೆ ಇನ್ನೊಂದು ರೆಡಿ. ವಾದ ಮಾಡಬೇಕಾದ್ದು ಒಂದೊಂದು ರೀಲ್ ಮೇಲಲ್ಲ. ಅದನ್ನು ಹೇಗೆ ತಯಾರು ಮಾಡುತ್ತಾರೆ ಅಂತ ತೋರಿಸಿ, ಅದೂ ಅವನು ಯಾರ ಪರ ಇದ್ದಾನೋ ಅವರಿಗೆ ಸಂಬಂಧವೇ ಇಲ್ಲದ ಉದಾಹರಣೆಯಿಂದ. ಹ್ಯೂಸ್ಟನ್ ಕಥೆ ಹೇಳಿ. ಅಥವಾ ಮಕ್ಕಳ ಕಳ್ಳರ ವಿಡಿಯೋ ಕಥೆ. ಬೈಕಲ್ಲಿ ಬಂದು ಮಗುವನ್ನು ಎತ್ತಿಕೊಂಡು ಹೋಗುವ ಆ ವಿಡಿಯೋ ನಿಮಗೂ ನೆನಪಿರಬಹುದು. ಅದು ಕರಾಚಿಯಲ್ಲಿ ಜನಜಾಗೃತಿಗೆ ಅಂತ ಮಾಡಿದ್ದು. ಕೊನೆಯಲ್ಲಿ ಮಗುವನ್ನು ವಾಪಸ್ ತಂದು ಬಿಟ್ಟು, ಮಕ್ಕಳ ಬಗ್ಗೆ ಎಚ್ಚರ ಅನ್ನುವ ಬೋರ್ಡ್ ಹಿಡಿಯುತ್ತಾರೆ. ಆ ಕೊನೆ ಕತ್ತರಿಸಿದ ವಿಡಿಯೋ 2018ರಲ್ಲಿ ನಮ್ಮ ದೇಶದ ತುಂಬ ಓಡಾಡಿತು. ಆ ವರ್ಷ ಇಂಥದೇ ಮಕ್ಕಳ ಕಳ್ಳರ ವದಂತಿಗೆ ಅಲ್ಲಲ್ಲಿ ಜೀವಗಳು ಹೋದವು. ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರ್‌ನನ್ನು ಜನ ಹೊಡೆದು ಕೊಂದರು. ಆ ವಿಡಿಯೋದಲ್ಲಿ ಸುಳ್ಳು ಸೇರಿಸಿದ್ದು ಏನೂ ಇರಲಿಲ್ಲ. ನಿಜವನ್ನು ಕತ್ತರಿಸಿದ್ದರು, ಅಷ್ಟೇ. ಇದನ್ನು ಒಮ್ಮೆ ನೋಡಿದವನಿಗೆ ಮುಂದಿನ ಸಲ ಯಾವ ವಿಡಿಯೋ ನೋಡಿದರೂ ಇದರ ಹಿಂದೆ ಮುಂದೆ ಏನಿತ್ತು ಅನ್ನುವ ಸಣ್ಣ ಅನುಮಾನ ಬರುತ್ತದೆ. ನಮಗೆ ಅಷ್ಟು ಸಾಕು. ‘ಅವರಿಗೂ ದುಡ್ಡು ಕೊಟ್ಟಿರ್ತಾರೆ’ ಅಂದನಲ್ಲ, ಅದು ಒಳ್ಳೆಯ ಪ್ರಶ್ನೆಯೇ. ಅದನ್ನು ಆ ಪೇಜಿನ ಮೇಲೂ ಕೇಳು ಅನ್ನಿ. ಇದರಲ್ಲಿ ಅಪಾಯ ಒಂದಿದೆ. ಅತಿಯಾದರೆ ಹುಡುಗರು ಯಾವುದನ್ನೂ ನಂಬದ ಸ್ಥಿತಿಗೆ ಹೋಗುತ್ತಾರೆ, ಎಲ್ಲರೂ ಕಳ್ಳರೇ ಅನ್ನುತ್ತಾರೆ. ಅದೂ ಇಂಥ ಸುಳ್ಳು ಪ್ರಚಾರ ಮಾಡುವವರಿಗೆ ಲಾಭವೇ.

ಅವನು ಒಪ್ಪಿದರೆ ಫೀಡ್ ಸ್ವಚ್ಛ ಮಾಡಬಹುದು. ಒಪ್ಪದೆ ಕದ್ದು ಮಾಡಬೇಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಶಿಫಾರಸುಗಳನ್ನು ಹೊಸದಾಗಿ ಶುರು ಮಾಡುವ ರೀಸೆಟ್ ಇದೆ. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ (ನೋಡಿದ ವಿಡಿಯೋಗಳ ದಾಖಲೆ) ಪೂರ್ತಿ ಅಳಿಸಿ ಆಫ್ ಮಾಡಿದರೆ ಮುಖಪುಟವೇ ಖಾಲಿ ಕಾಣುತ್ತದೆ. ‘ಆಸಕ್ತಿ ಇಲ್ಲ’ ಬಟನ್ ಮೇಲೆ ಜಾಸ್ತಿ ಭರವಸೆ ಇಡಬೇಡಿ. 2022ರಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ ಮೊಝಿಲ್ಲಾ ಸಂಸ್ಥೆ ಪರೀಕ್ಷಿಸಿದಾಗ ಯೂಟ್ಯೂಬ್‌ನಲ್ಲಿ ಆ ಬಟನ್ ತಡೆದದ್ದು ಬೇಡದ ಶಿಫಾರಸುಗಳಲ್ಲಿ ಬರೀ ಶೇ 11ರಷ್ಟು. ‘ಈ ಚಾನೆಲ್ ತೋರಿಸಬೇಡ’ ಅನ್ನುವುದು ಶೇ 43ರಷ್ಟು ತಡೆಯಿತು. ಇದ್ದುದರಲ್ಲಿ ಅದೇ ವಾಸಿ. ರೀಸೆಟ್ ಮಾಡಿದ ಮೇಲೂ ಮೊದಲ ಕೆಲವು ದಿನ ಏನು ನೋಡುತ್ತಾನೋ ಅದರ ಮೇಲೆ ಹೊಸ ಫೀಡ್ ನಿಲ್ಲುತ್ತದೆ. ಆ ಹೊತ್ತಲ್ಲಿ ಕೆಲಸದ ಪರೀಕ್ಷೆ, ಕ್ರಿಕೆಟ್, ಏನಾದರೂ ಅವನಿಗೆ ನಿಜವಾಗಿ ಇಷ್ಟ ಇರುವುದನ್ನು ನೋಡಲಿ.

ಅಪ್ಪನದು ಬೇರೆ ಲೆಕ್ಕ. ವಾಟ್ಸಾಪ್ ಗ್ರೂಪಿನಲ್ಲಿ ಅಲ್ಗಾರಿದಮ್ ಇಲ್ಲ, ಅಲ್ಲಿ ಅಪ್ಪನೇ ಅಲ್ಗಾರಿದಮ್. ಮೆಸೇಜ್ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಐದು ಕೈ ದಾಟಿ ಬಂದದ್ದು, ಬರೆದವರು ಯಾರೆಂದು ಕಳಿಸಿದವರಿಗೂ ಗೊತ್ತಿಲ್ಲ. ಗ್ರೂಪಿನಲ್ಲಿ ಎಲ್ಲರ ಎದುರು ತಿದ್ದಬೇಡಿ, ದೊಡ್ಡವರಿಗೆ ಅದು ಅವಮಾನ. ಪಕ್ಕದಲ್ಲಿ ಕೂತಾಗ ಆ ಗುರುತು ತೋರಿಸಿ. ಎಷ್ಟೋ ಅಪ್ಪಂದಿರು ಅದನ್ನು ಗಮನಿಸಿಯೇ ಇರುವುದಿಲ್ಲ.

ತಮ್ಮನಿಗೆ ಇನ್ನೊಂದು ವಿಷಯ ತಣ್ಣಗೆ ಹೇಳಬಹುದು, ಹೆದರಿಸುವ ಧಾಟಿಯಲ್ಲಿ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವುದಕ್ಕೆ 196ನೇ ಸೆಕ್ಷನ್, ಸುಳ್ಳು ವದಂತಿ ಹಬ್ಬಿಸುವುದಕ್ಕೆ 353ನೇ ಸೆಕ್ಷನ್ ಇದೆ. ಎರಡರಲ್ಲೂ ಮೂರು ವರ್ಷದವರೆಗೆ ಜೈಲು ಆಗಬಹುದು. ‘ನಾನು ಬರೆದಿಲ್ಲ, ಸ್ಟೇಟಸ್‌ಗೆ ಹಾಕಿದೆ ಅಷ್ಟೇ’ ಅಂದರೆ ಕೇಸು ಬೀಳುವುದಿಲ್ಲ ಅಂತೇನಿಲ್ಲ. ಸರ್ಕಾರಿ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಇರುತ್ತದೆ. ಪೇಜಿನವನಿಗೆ ವಕೀಲರು ಸಿಗುತ್ತಾರೆ, ತಮ್ಮನಿಗೆ ಸಿಗುವುದು ನೀವು ಮತ್ತು ಅಪ್ಪ.

ಆ ಗೆಳೆಯನ ವಿಷಯ. ಇಬ್ಬರನ್ನೂ ಕೂರಿಸಿ ರಾಜಿ ಪಂಚಾಯ್ತಿ ಮಾಡಬೇಡಿ, ಮುಜುಗರ ಆಗಿ ಇನ್ನೂ ದೂರ ಹೋಗುತ್ತಾರೆ. ಮೊದಲು ಒಟ್ಟಿಗೆ ಏನು ಮಾಡುತ್ತಿದ್ದರು? ಹೈಸ್ಕೂಲ್ ಮೈದಾನದಲ್ಲಿ ಕ್ರಿಕೆಟ್ಟಾ, ಸಂಜೆ ಮಿರ್ಚಿ ತಿನ್ನೋದಾ? ಏನಾದರೂ ನೆಪ ಮಾಡಿ ಆ ಗೆಳೆಯನನ್ನು ಮನೆಗೆ ಕರೆಯಿರಿ, ನಿಮ್ಮದೇ ಕೆಲಸಕ್ಕೆ ಅಂತ. ಮಾತು ತಾನಾಗಿ ಶುರುವಾದರೆ ಆಗಲಿ. ಆ ಸಮುದಾಯದ ಬಗ್ಗೆ ತಮ್ಮನಿಗೆ ರೀಲ್ಸ್ ಬಿಟ್ಟು ಬೇರೆ ಅನುಭವ ಅಂತ ಇರುವುದು ಆ ಹುಡುಗನೇ.

ಪೇಜನ್ನು ರಿಪೋರ್ಟ್ ಮಾಡಿ, ಮಾಡಲೇಬೇಕು, ಆದರೆ ಕನ್ನಡದ ವಿಷಯಕ್ಕೆ ಬೇಗ ಕ್ರಮ ಆಗುತ್ತೆ ಅನ್ನುವ ನಿರೀಕ್ಷೆ ಬೇಡ. ಒಂದು ಸಂದರ್ಭದಲ್ಲಿ ಮಾತ್ರ ಕಾಯಬೇಡಿ. ಗಣೇಶ ಮೆರವಣಿಗೆಯೋ ಈದ್ ಮೆರವಣಿಗೆಯೋ ಇರುವ ದಿನಗಳಲ್ಲಿ ಆ ಪೇಜಿನವನು ಇಂಥ ಜಾಗಕ್ಕೆ, ಇಷ್ಟು ಹೊತ್ತಿಗೆ ಬನ್ನಿ ಅಂತ ಕರೆದರೆ, ಅಥವಾ ಯಾರದಾದರೂ ಅಂಗಡಿ, ಮನೆ, ವಾಹನದ ನಂಬರ್ ತೋರಿಸಿದರೆ, ಸ್ಕ್ರೀನ್ ರೆಕಾರ್ಡ್ ಮಾಡಿ, ಲಿಂಕು ಮತ್ತು ಸಮಯ ಬರೆದಿಟ್ಟುಕೊಂಡು 112ಕ್ಕೆ ಫೋನ್ ಮಾಡಿ. ರೀಲ್ ಅಳಿಸಿ ಹಾಕುವ ಮುಂಚೆ ರೆಕಾರ್ಡ್ ಆಗಿರಬೇಕು, ಅದು ಮುಖ್ಯ.